ಸ್ಲ್ಯಾಬ್ ಹಾಕುವ ದಿನ

"ಅಕ್ಕಾರ, ಗ್ವಾಡ್ಯಾಗಿಂದ ಬರಾಕತ್ತೀರಿ! ಬಾಗಲದಿಂದ ಬರ್ರಿ."

ನೇತ್ರಾ ಗಕ್ಕನೆ ನಿಂತಳು. ಎದುರಿಗೆ ಗೋಡೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಮಚ್ಛೆಯ ಹಾದಿಯ ಹೊಸ ಲೇಔಟಿನ ಕೆಂಪು ನೆಲ, ಅದರ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದ ಬಿಳಿ ಗೆರೆಗಳು, ಅಷ್ಟೇ. ಅವಳ ಚಪ್ಪಲಿ ಒಂದು ಗೆರೆಯನ್ನು ಅರ್ಧಕ್ಕರ್ಧ ಅಳಿಸಿಹಾಕಿತ್ತು.

ಅಳತೆಯ ಟೇಪು ಹಿಡಿದು ನಿಂತವನ ತುಟಿಯಲ್ಲಿ ನಗುವಿರಲಿಲ್ಲ. ಕಣ್ಣಲ್ಲಿ ಮಾತ್ರ ಇತ್ತು. "ಅದು ದೇವರ ಖೋಲಿ ಗ್ವಾಡಿ ನೋಡ್ರಿ. ನಿಮ್ಮ ಕಾಲಾಗ ಹಾರಿ ಹೋತು."

ಬೇರೆ ಹುಡುಗಿಯಾಗಿದ್ದರೆ ತಿರುಗಿ ಏನಾದರೂ ಅಂದಿರುತ್ತಿದ್ದಳು. ನೇತ್ರಾಳ ಮಾತುಗಳು ಗಂಟಲಿನ ತನಕ ಬಂದು, ಅಲ್ಲಿಂದಲೇ ತವರಿಗೆ ವಾಪಸು ಹೋಗುವ ಜಾತಿಯವು. ಅವಳು ಸುಮ್ಮನೆ ಬಂದ ದಾರಿಯಲ್ಲೇ ಹಿಂದೆ ಹೋದಳು. ಗೆರೆಗಳನ್ನು ಸುತ್ತುಹಾಕಿ, ಗೆರೆ ಕಡಿದಿದ್ದ ಜಾಗ ಹುಡುಕಿ, ಅಲ್ಲಿ ಚಪ್ಪಲಿ ಬಿಟ್ಟು, ಸೆರಗು ಸರಿಪಡಿಸಿಕೊಂಡು, ಬಲಗಾಲಿಟ್ಟು ಒಳಗೆ ಬಂದಳು.

ಅವನ ಕೈಯಿಂದ ಟೇಪು ಜಾರಿ ಸರ್ರನೆ ಸುತ್ತಿಕೊಂಡಿತು.

"ನಾ ಬರೇ ಚ್ಯಾಷ್ಟಿ ಮಾಡಿದ್ನಿರಿ," ಎಂದ ಅವನು, ಈಗ ಅವನದೇ ಕಿವಿ ಕೆಂಪಾಗಿತ್ತು. "ಬರ್ರಿ, ಕುಂದರ್ರಿ ಅನ್ನಾಕ ಇನ್ನಾ ಪಡಸಾಲಿ ಆಗಿಲ್ಲ. ನಾ ರಾಮಲಿಂಗ ಅಂತ. ಡಿಪ್ಲೊಮಾ ಮಾಡಿ ಗುತ್ತಿಗಿ ಹಿಡೀತೀನಿ. ಇದು ಯಾರಿಗೆ ಕಟ್ಟೂ ಮನಿರಿ? ಸಾವಕಾರ್ರು ಹೇಳಲೇ ಇಲ್ಲ."

"ನನಗ," ಎಂದಳು ನೇತ್ರಾ. ಯಾವುದೋ ಕಾಯಿಲೆಯ ಹೆಸರು ಹೇಳಿದಂತಿತ್ತು ಆ ದನಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಖಾನಾಪುರದ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಗುರುಪುತ್ರಪ್ಪ ಎರಡನ್ನೂ ಒಂದೇ ಸಲ ನೋಡಲು ಹೊರಟಿದ್ದ. ಒಬ್ಬಳೇ ಮಗಳು, ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಬೆಳಗಾವಿಯ ಶಹಾಪುರದಿಂದ ಸಂಬಂಧ ಬಂದಿತ್ತು. ಹುಡುಗ ಚೇತನ, ಮಚ್ಛೆಯ ಒಂದು ಫೌಂಡ್ರಿಯಲ್ಲಿ ಆಫೀಸರ್. ಅವನನ್ನು ಸಾಕಿದ ಸೋದರತ್ತೆ ಗಂಗಾದೇವಿ ಚಹಾದ ಕಪ್ಪು ಕೆಳಗಿಡುತ್ತಲೇ ವಿಷಯಕ್ಕೆ ಬಂದಿದ್ದಳು.

"ಈಗಿನ ಹುಡುಗೂರು ಕೂಡಿ ಇರಾಂಗಿಲ್ಲ ನೋಡ್ರಿ. ನಮ್ಮದು ದೊಡ್ಡ ಮನಿ ಖರೇ, ಆದ್ರ ಮೂರ ಮಂದಿ ಅಣತಮ್ಮರು, ಒಂದ ಬಚ್ಚಲ. ನಮಗ ಬಂಗಾರ ಬ್ಯಾಡ, ವರದಕ್ಷಿಣಿ ಬ್ಯಾಡ. ಮಗಳಿಗೆ ಬೆಳಗಾವ್ಯಾಗ ಒಂದ ಸ್ಲ್ಯಾಬಿನ ಮನಿ ಕಟ್ಟಿಸಿ ಕೊಡ್ರಿ, ಆತು. ಸ್ಲ್ಯಾಬ್ ಬಿದ್ದ ದಿನಾ ಕುಂಕುಮ ಹಚ್ಚಿ ಗಟ್ಟಿ ಮಾಡೂಣು. ಅಲ್ಲೀತನಾ ಬರೇ ಮಾತು."

ಅಪ್ಪ ಮಗಳ ಕಡೆ ನೋಡಿದ. ಮಗಳು ನೆಲ ನೋಡಿದಳು. ಅಪ್ಪ ಅದನ್ನು ಹೂಂ ಎಂದು ತಿಳಿದ.

ಆ ವರ್ಷ ಬೆಳಗಾವಿಯ ಸುತ್ತ ಎಲ್ಲಿ ನೋಡಿದರೂ ಇದೇ ಸುಗ್ಗಿ. ಭತ್ತ ಬೆಳೆಯುತ್ತಿದ್ದ ಹೊಲಗಳಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡಿದ್ದರು. ಶಹಾಪುರ, ವಡಗಾವಿಯ ದೊಡ್ಡ ಮನೆಗಳು ಒಡೆದು, ಅಣ್ಣನಿಗೊಂದು ತಮ್ಮನಿಗೊಂದು ಎಂದು ಬಯಲಿನಲ್ಲಿ ಚೆಲ್ಲಾಪಿಲ್ಲಿಯಾಗಿ ಮೊಳೆಯುತ್ತಿದ್ದವು. ಎಲ್ಲ ಮನೆಗೂ ಒಂದೇ ಮುಖ. ಎರಡು ಕಂಬದ ಪೋರ್ಚು, ಗೇಟು, ಕಂಪೌಂಡು, ತಲೆಯ ಮೇಲೆ ಚಪ್ಪಟೆ ಸ್ಲ್ಯಾಬು. ಸ್ಲ್ಯಾಬಿನ ಮೇಲೆ ಕಬ್ಬಿನ ಕೂಳೆಯಂತೆ ಎದ್ದುನಿಂತ ರಾಡುಗಳು, ಮುಂದೆ ಎಂದಾದರೂ ಕಟ್ಟಲಿರುವ ಮೇಲಿನ ಅಂತಸ್ತಿನ ಆಸೆಗೆ. ಪಡಸಾಲೆಗೆ ಹಾಲ್ ಎಂದು ಹೆಸರು ಬಂತು. ಬಚ್ಚಲು ಮಲಗುವ ಕೋಣೆಗೆ ಅಂಟಿಕೊಂಡಿತು. ಹೋಗಿಬರುವವರು ಕೂರುವ ಹೊರಗಿನ ಕಟ್ಟೆ ಮಾತ್ರ ಯಾರಿಗೂ ಬೇಡವಾಯಿತು.

"ಮೊದಲ ಮನಿ ಕಟ್ಟಿ ಹೆಣ್ಣ ತರತಿದ್ರು," ಎಂದಿದ್ದ ರಾಮಲಿಂಗ ಒಮ್ಮೆ, ದಾರ ಹಿಡಿದು ಗೋಡೆಯ ನೇರ ನೋಡುತ್ತಾ. "ಈಗ ಹೆಣ್ಣಿನ ಬೆನ್ನಿಗೆ ಮನಿನೂ ಕಟ್ಟಿ ಕಳಸ್ರಿ ಅಂತಾರ. ನಮಗೇನ, ಕೆಲಸಾ ಸಿಕ್ಕೈತಿ."

ಅಂದವನು ನೇತ್ರಾಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ಅಪ್ಪನಿಗೆ ಅಂಗಡಿ ಬಿಡಲಾಗದು. ಹೀಗಾಗಿ ಅವ್ವ ಮತ್ತು ನೇತ್ರಾ ಖಾನಾಪುರದಿಂದ ಮುಂಜಾನೆಯ ಬಸ್ಸು ಹತ್ತಿ ಬಂದು, ಕಟ್ಟಿದ ಗೋಡೆಗೆ ನೀರು ಹೊಡೆದು ಸಂಜೆ ಮರಳುತ್ತಿದ್ದರು. ಅವ್ವ ಗೌರವ್ವ ಸಿಮೆಂಟಿನ ಚೀಲದ ನೆರಳಲ್ಲಿ ಕುಳಿತು ಅಕ್ಕಿ ಆರಿಸುವಳು. ನೇತ್ರಾ ಪೈಪು ಹಿಡಿದು ನಿಲ್ಲುವಳು. ಬಿಸಿ ಇಟ್ಟಿಗೆ ನೀರು ಕುಡಿಯುವಾಗ ಚುಂಯ್ ಎಂದು ಏಳುವ ಆ ಮಣ್ಣಿನ ವಾಸನೆ ಅವಳಿಗೆ ಮೊದಲು ಹಿಡಿಸಿತು. ಆಮೇಲೆ ಆ ವಾಸನೆ ಹೊತ್ತು ಓಡಾಡುವ ಅಂಗಿ ಹಿಡಿಸಿತು.

ಗಂಗಾದೇವಿಯಿಂದ ವಾರಕ್ಕೊಂದು ಬೇಡಿಕೆ ಬರುತ್ತಿತ್ತು. ಹಾಲ್‌ನಲ್ಲಿ ಶೋಕೇಸು, ಅಡಿಗೆ ಕಟ್ಟೆಗೆ ಕರಿ ಗ್ರಾನೈಟು, ಪೋರ್ಚು ಕಾರು ನಿಲ್ಲುವಷ್ಟು. ಎಲ್ಲರೂ ಎಲ್ಲ ಕೇಳಿದರು. ನೇತ್ರಾಳನ್ನು ಯಾರೂ ಏನೂ ಕೇಳಲಿಲ್ಲ, ಒಬ್ಬನ ಹೊರತು.

"ನಿಮಗೇನ ಬೇಕ್ರಿ, ಅಕ್ಕಾರ?"

ಅವಳು ಅಂದು ಉತ್ತರ ಕೊಡಲಿಲ್ಲ. ಮೂರನೆಯ ದಿನ ಪೈಪಿನ ನೀರಿನ ಸದ್ದಿನ ಮರೆಯಲ್ಲಿ, ಗೋಡೆಗೆ ಹೇಳಿದಂತೆ ಹೇಳಿದಳು. "ಅಡಗಿಮನ್ಯಾಗ ಒಂದ ಕಿಡಕಿ. ಕೆಳಗಿರ್ಲಿ. ನೆಲಕ್ಕ ಕುಂತ ರೊಟ್ಟಿ ಬಡ್ಯಾಕತ್ರೂ ಹೊರಗ ಕಾಣಬೇಕು."

"ಈಗ ಎಲ್ಲಾರೂ ನಿಂತ ಮಾಡ್ತಾರಲ್ರಿ."

"ನಾ ಕುಂತ ಮಾಡ್ತೀನಿ."

ಕಿಟಕಿ ಕೆಳಗೆ ಬಂತು. ಬಂದು ನೋಡಿದ ಅಪ್ಪ ಹುಬ್ಬು ಗಂಟಿಕ್ಕಿದ. "ಏನಪಾ ಇದು, ಆಡ ಹಾರಿ ಒಳಗ ಬರೂವಂಗೈತಿ?"

"ಗಾಳಿಗೆ ಚೊಲೊರಿ, ಸಾವಕಾರ್ರ," ಎಂದ ರಾಮಲಿಂಗ. ಅವನ ಕಣ್ಣು ಅಪ್ಪನ ಭುಜದಾಚೆ ನಿಂತವಳನ್ನು ತಾಕಿ, ಬೆಂಕಿ ಮುಟ್ಟಿದಂತೆ ಹಿಂದೆ ಸರಿಯಿತು. ಅಷ್ಟಕ್ಕೇ ನೇತ್ರಾಳ ಕೈಯ ಪೈಪು ದಿಕ್ಕು ತಪ್ಪಿ ಅಪ್ಪನ ಧೋತರ ತೋಯಿಸಿತು.

ಅಂದಿನಿಂದ ನಾಲ್ಕು ಗಂಟೆಯ ಚಹಾ ಆ ಕಿಟಕಿಯಲ್ಲಿ. ಒಳಗೆ ಅವಳು, ಹೊರಗೆ ಅವನು, ನಡುವೆ ಎರಡು ಲೋಟ.

"ಇವತ್ತ ನೀವು ನನಗ ಒಮ್ಮಿನೂ ಅಕ್ಕಾರ ಅನ್ನಲಿಲ್ಲ," ಎಂದಳು ಒಂದು ದಿನ, ಲೋಟದೊಳಗೆ ನೋಡುತ್ತಾ.

"ಅಂದಿಲ್ಲೇನು?"

"ಇಲ್ಲ."

"ಮತ್ತ ಏನನ್ಲಿ?"

"ಏನೂ ಅನಬ್ಯಾಡ್ರಿ."

"ಏನೂ ಅನ್ನದ ಕರದ್ರ ಓ ಅಂತೀರೇನು?"

ಅವಳು ಲೋಟದ ಅಂಚನ್ನು ಸೆರಗಿನಿಂದ ಒರೆಸಿದಳು. "ಅಂತೀನಿ."

ಮುಂದೆ ಅವನು ಅವಳನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಕರಣೆಯಿಂದ ಇಟ್ಟಿಗೆಯನ್ನು ಎರಡು ಸಲ ಕುಟ್ಟುವನು. ಎಂಟು ಜನ ಗೌಂಡಿಗಳು ಇಡೀ ದಿನ ಇಟ್ಟಿಗೆ ಕುಟ್ಟುವ ಆ ಸೈಟಿನಲ್ಲಿ ಆ ಎರಡು ಸದ್ದು ಅವಳಿಗೆ ಹೇಗೆ ಬೇರೆಯಾಗಿ ಕೇಳುತ್ತಿತ್ತೋ, ಅವಳು ಎಲ್ಲಿದ್ದರೂ ತಿರುಗುತ್ತಿದ್ದಳು.

"ನಿಮ್ಮನಿ ಹೆಂಗೈತ್ರಿ?" ಎಂದು ಒಮ್ಮೆ ಕೇಳಿದಳು.

"ಖಾನಾಪುರ ದಾಟಿ ಕಣಕುಂಬಿ ರಸ್ತಾಕ್ಕೈತಿ. ಮಣ್ಣಿನ ಗ್ವಾಡಿ, ಹಂಚಿನ ಮಾಡು. ನಮ್ಮವ್ವ ಬಾಳವ್ವ, ಒಂದೀಟ ಕುರಿ."

"ಊರ ಮಂದಿಗೆಲ್ಲಾ ಸ್ಲ್ಯಾಬ್ ಹಾಕ್ತೀರಿ. ನಿಮಗ?"

"ದರ್ಜಿ ಅಂಗಿ ನೋಡೀರೇನು? ಯಾವಾಗೂ ಹರದಿರ್ತೈತಿ." ನಕ್ಕವನು ಲೋಟ ಕೆಳಗಿಟ್ಟ. ಇಬ್ಬರಿಗೂ ಒಂದೇ ಲೆಕ್ಕ ಹೊಳೆದಿತ್ತು. ಅವನು ಕುರುಬರವನು, ಅವಳು ಲಿಂಗಾಯತರವಳು. ಅವನು ದಿನಕ್ಕೊಂದು ವರಸೆ ಇಟ್ಟಿಗೆ ಏರಿಸಿದಂತೆ ಅವಳು ಇನ್ನೊಬ್ಬನ ಮನೆಯವಳಾಗುತ್ತಿದ್ದಳು. ಕೆಲಸ ಚೆನ್ನಾಗಿ ನಡೆದಷ್ಟೂ ಬೇಗ ಕಳೆದುಕೊಳ್ಳುವ ಇಂಥ ಗುತ್ತಿಗೆಯನ್ನು ಯಾರೂ ಹಿಡಿದಿರಲಿಕ್ಕಿಲ್ಲ.

ಹೊರಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಬಂತು. ಆ ಮನೆಯಲ್ಲಿ ಬಾಳುವ ಗಂಡ ಹೆಂಡತಿ ಎರಡೂ ಬದಿಗೆ ಕೈ ಹಚ್ಚಿ ಎತ್ತಬೇಕು, ಅದು ರೂಢಿ. ಮದುವೆ ಇನ್ನೂ ಆಗದ್ದರಿಂದ ಅಪ್ಪ, ಅವ್ವ ಕೈ ಹಚ್ಚುವುದೆಂದು ಮಾತಾಗಿತ್ತು. ಚೌಕಟ್ಟಿಗೆ ಅರಿಶಿನ ಬಳಿದು, ಹಸಿರು ಖಣ ಕಟ್ಟಿ ಆಗಿತ್ತು. ಅಪ್ಪ ಕಾಯಿ ತರಲು ಮಚ್ಛೆಯ ಪೇಟೆಗೆ ಹೋದವನು ಇನ್ನೂ ಬಂದಿರಲಿಲ್ಲ. ಅವ್ವ ಆರತಿಗೆ ಬತ್ತಿ ಹೊಸೆಯುತ್ತಿದ್ದಳು.

ಮಚ್ಛೆಯಿಂದ ಕೂಲಿಗೆ ಬರುತ್ತಿದ್ದ ಹಿರಿಯ ಹೆಣ್ಣಾಳು ಮಾಯಕ್ಕ ಇದನ್ನೆಲ್ಲ ಕಂಡು ಬೇಸತ್ತಳು. ಮುಹೂರ್ತ ಮೀರುತ್ತಿದೆ, ಇವರಿಬ್ಬರು ನೋಡಿದರೆ ಆ ಬದಿಗೊಬ್ಬರು ಈ ಬದಿಗೊಬ್ಬರು ಕಲ್ಲಿನ ಹಾಗೆ ನಿಂತಿದ್ದಾರೆ! ಸಾವಕಾರರ ಅಳಿಯನೇ ಗುತ್ತಿಗೆ ಹಿಡಿದಿದ್ದಾನೆ ಎಂದೇ ಅವಳು ತಿಳಿದಿದ್ದಳು. ಮೂರು ತಿಂಗಳಿಂದ ಕಂಡದ್ದು ಇಷ್ಟೇ. ಇವಳು ಕಿಟಕಿ ಹೇಳುತ್ತಾಳೆ, ಇವನು ಇಡುತ್ತಾನೆ. ಇವಳು ಉಂಡೆಯಾ ಎಂದು ಕೇಳುತ್ತಾಳೆ, ಇವನು ತಲೆ ತಗ್ಗಿಸುತ್ತಾನೆ. ಇದಕ್ಕಿಂತ ಬೇರೆ ಗಂಡಹೆಂಡಿರು ಇರುತ್ತಾರೆಯೇ?

"ಬಾ ಯಪ್ಪಾ, ಬಾರ ಯವ್ವಾ, ಹಿಡೀರಿ! ನಿಮ್ಮನಿ ಬಾಗಲಾ ನೀವ ಎತ್ತಾಕ ಎಂಥಾ ನಾಚಿಕಿ?" ಎಂದು ಇಬ್ಬರ ಕೈ ಹಿಡಿದೆಳೆದು ಚೌಕಟ್ಟಿಗೆ ಹಚ್ಚಿದಳು. ಅರಿಶಿನದ ದಾರ ಹಲ್ಲಿನಿಂದ ಕಡಿದು ಅವನ ಮಣಿಕಟ್ಟಿಗೊಂದು, ಅವಳದಕ್ಕೊಂದು ಕಟ್ಟಿಯೇಬಿಟ್ಟಳು. "ಹಾಂ, ಎತ್ರಿ. ಮನಿತುಂಬ ಮಕ್ಕಳಾಗ್ಲಿ."

ಒಂದು ಮಾತು ಸಾಕಿತ್ತು, 'ನಾನಲ್ಲ' ಎಂದು. ಅವನು ಅನ್ನಲಿಲ್ಲ. ಅವಳು ಕೈ ಹಿಂದೆ ತೆಗೆಯಲಿಲ್ಲ. ಒದ್ದೆ ಅರಿಶಿನದ ಮೇಲೆ ಎರಡು ಕೈ, ನಡುವೆ ಸಾಗವಾನಿಯ ಉದ್ದಗಲ. ಚೌಕಟ್ಟು ಎದ್ದು ನಿಂತಿತು. ಆ ಖಾಲಿ ಚೌಕಟ್ಟಿನೊಳಗಿಂದ ಅವರು ಮೊದಲ ಸಲ ಒಬ್ಬರನ್ನೊಬ್ಬರು ಕಣ್ತುಂಬ ನೋಡಿದರು.

ಅದೇ ಚೌಕಟ್ಟಿನಾಚೆ ಆಟೋ ಇಳಿದು ನಿಂತಿದ್ದವರು ಗಂಗಾದೇವಿ ಮತ್ತು ಕಾಯಿ ಹಿಡಿದ ಅಪ್ಪ.

ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ಖಾನಾಪುರದ ತನಕ ಕಿಟಕಿಯ ಹೊರಗೆ ನೋಡಿದ. ಮನೆಗೆ ಬಂದು ಕಾಲು ತೊಳೆಯುವಾಗ ಅಷ್ಟೇ ಹೇಳಿದ. "ನಾಳಿಂದ ಸೈಟಿಗೆ ಹೋಗೂದ ಬ್ಯಾಡ. ಮುದುಕಿ ತಿಳೀದ ಮಾಡ್ಯಾಳ ಅಂತ ಗಂಗಾದೇವಿ ಅಕ್ಕಾರಿಗೆ ಹೇಳೇನಿ. ನೀರ ಹೊಡ್ಯಾಕ ಆಳ ಇಟ್ಟೇನಿ."

ದಾರ ಬಿಚ್ಚು ಎಂದು ಮಾತ್ರ ಅನ್ನಲಿಲ್ಲ. ಅದು ತಾನಾಗಿಯೇ ಬಣ್ಣ ಬಿಟ್ಟು, ಸವೆದು, ಒಂದು ದಿನ ಪಾತ್ರೆ ತೊಳೆಯುವಾಗ ಉದುರಿ ನೀರಿನೊಂದಿಗೆ ಹೋಯಿತು. ನೇತ್ರಾ ಅಂದು ಬಚ್ಚಲಲ್ಲಿ ಕುಳಿತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಆಮೇಲಿನ ದಿನಗಳಲ್ಲಿ ಅವಳು ಆ ಮನೆಯನ್ನು ಫೋನಿನಲ್ಲಿ ಕೇಳಿದಳು. ಅಂಗಡಿಯ ಗಲ್ಲೆಯ ಮೇಲಿನ ಫೋನು, ಅಪ್ಪನ ದೊಡ್ಡ ದನಿ. "ಲಿಂಟಲ್ ಮುಗೀತ? ಚೊಲೊ ಆತು." "ಗ್ವಾಡಿ ಮ್ಯಾಲ ಬಂದ್ವ?" "ಸೆಂಟ್ರಿಂಗಿಗೆ ಹಲಗಿ ಬಂದ್ವೇನು?" ತಾಟಿನ ಮುಂದೆ ಕುಳಿತರೆ ರೊಟ್ಟಿ ಮುರಿದು ಮುರಿದು ಪುಡಿಯಾಗುವುದು, ಬಾಯಿಗೆ ಹೋಗದು. ಅವ್ವ ನೋಡುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಹೆಂಗಸರು ಮಾತಿಲ್ಲದೆ ಇರುವುದನ್ನು ತಲೆಮಾರಿನಿಂದ ಕಲಿತಿದ್ದರು.

ಶುಕ್ರವಾರ ಸ್ಲ್ಯಾಬ್ ಎಂದು ನಿಶ್ಚಯವಾಯಿತು. ಅಲ್ಲೇ ಪೆಂಡಾಲು, ಅಲ್ಲೇ ಕುಂಕುಮ.

ಗುರುವಾರ ನೇತ್ರಾ ಜಂಪರು ತರುತ್ತೇನೆಂದು ಹೇಳಿ ಬೆಳಗಾವಿಯ ಬಸ್ಸು ಹತ್ತಿದಳು. ಹುಟ್ಟಿದ ಮೇಲೆ ಹೇಳಿದ ಮೊದಲ ಸುಳ್ಳು. ಅವ್ವ ಬಾಗಿಲಿನ ತನಕ ಬಂದು, "ದರ್ಜಿ ಏನ ಹೇಳ್ತಾನ ಸಮಾಧಾನದಿಂದ ಕೇಳಿ ಬಾ," ಎಂದಳು. ಜಂಪರು ಎರಡು ದಿನದ ಹಿಂದೆಯೇ ಬಂದು ಅವ್ವನ ಟ್ರಂಕಿನಲ್ಲಿತ್ತು.

ಮನೆಯೊಳಗೆ ಕಾಡಿನಂತೆ ಸೆಂಟ್ರಿಂಗಿನ ಕಂಬಗಳು ನಿಂತಿದ್ದವು. ಮೇಲೆ ಹಲಗೆ, ಹಲಗೆಯ ಸಂದಿನಿಂದ ಬಿದ್ದ ಬಿಸಿಲಿನ ಗೆರೆಗಳು. ಅವನು ಒಂದೊಂದೇ ಕಂಬವನ್ನು ಅಲುಗಾಡಿಸಿ ನೋಡುತ್ತಿದ್ದ. ಇಳಿದುಹೋಗಿದ್ದ. ಗಡ್ಡ ಬೆಳೆದಿತ್ತು.

"ಸ್ಲ್ಯಾಬ್ ಹಾಕಬ್ಯಾಡ್ರಿ," ಎಂದಳು ನೇತ್ರಾ, ಬಂದವಳೇ.

ಅವನು ಕಂಬ ಹಿಡಿದೇ ನಿಂತ. "ಹಾಕದಿದ್ರ?"

"ನಾ ಉಳೀತೀನಿ."

"ಎಷ್ಟ ದಿನ? ನಾ ಬಿಟ್ರ ಇನ್ನೊಬ್ಬ ಬಂದ ಹಾಕ್ತಾನ. ಸ್ಲ್ಯಾಬ್ ಹಾಕೂ ಮಂದಿಗೇನ ಬರಗಾಲ, ಈ ಬೆಳಗಾವ್ಯಾಗ?"

"ಅಪ್ಪಗ ನೀವ ಕೇಳ್ರಲ್ಲ! ಒಮ್ಮಿ ಕೇಳಿ ನೋಡ್ರಿ."

"ಕೇಳೇನಿ."

ಅವಳು ತಟ್ಟನೆ ಮುಖ ಎತ್ತಿದಳು.

"ಹ್ವಾದ ಸ್ವಾಮಾರ ಅಂಗಡಿಗೆ ಬಂದಿದ್ನಿ. ಸಾವಕಾರ್ರು ಕುಂದರ್ಸಿ ಚಾ ಕುಡಿಸಿದ್ರು. ಬೈತಾರಂತ ಮಾಡಿದ್ನಿ, ಬೈಲಿಲ್ಲ. ಎಲ್ಲಾ ಕೇಳಿ ಒಂದ ಮಾತ ಅಂದ್ರು. 'ಜಾತಿ ಮಾತ ಆಮ್ಯಾಲ ತಮ್ಮಾ. ನನ್ನ ಮಗಳು ಈ ಸಂಬಂಧ ಒಲ್ಲೆ ಅಂತ ಒಂದ ದಿನಾ ಅಂದಿಲ್ಲ. ಆಕಿ ಒಪ್ಪಿದ್ದನ್ನ ನೀ ಹೆಂಗ ಬ್ಯಾಡ ಅಂತಿ?'" ಅವನು ಕಂಬಕ್ಕಂಟಿದ ಸಿಮೆಂಟನ್ನು ಉಗುರಿನಿಂದ ಕೆರೆದ. "ನಾ ಏನ ಹೇಳ್ಲಿ? ನೀವು ನನಗೂ ಏನೂ ಅಂದಿಲ್ಲಲ್ಲ. ಕಿಡಕಿ ಬೇಕಂದ್ರಿ. ಅಷ್ಟ."

"ಅಷ್ಟೇನ?" ಎಂದಳು. ಕಣ್ಣೀರು ಧಾರೆಯಾಗಿ ಇಳಿಯಿತು. "ಅಷ್ಟೇನ್ರಿ ನಾ ಅಂದದ್ದು?"

ಅವನು ಒಂದು ಹೆಜ್ಜೆ ಮುಂದೆ ಬಂದು, ನಡುವೆ ನಿಂತ ಕಂಬವನ್ನೇ ಗಟ್ಟಿಯಾಗಿ ಹಿಡಿದ. "ನಾ ತಿಳಕೊಂಡೇನಿ. ಆದ್ರ ನಾ ತಿಳಕೊಂಡದ್ದು ನಿಮ್ಮಪ್ಪಗ ಹೆಂಗ ತಿಳೀಬೇಕು? ಅದನ್ನ ನಾ ಹೇಳಿದ್ರ ಕಳುವು. ನೀವ ಹೇಳಿದ್ರ ಖರೇ."

"ನನಗ ಮಾತ ಬರಾಂಗಿಲ್ಲ, ನಿಮಗ ಗೊತ್ತೈತಿ."

"ಗೊತ್ತೈತಿ." ಅವನು ಮುಖ ತಿರುಗಿಸಿದ. "ನಾಳಿ ಸ್ಲ್ಯಾಬ್ ಹಾಕಿ, ಮರುದಿನ ಗ್ವಾವಾಕ್ಕ ಹೊಂಟೇನಿ. ಅಲ್ಲೂ ಮನಿ ಕಟ್ಟಾಕತ್ತಾರಂತ, ಮಂದಿ ಬೇಕಂತ. ಈ ಮನ್ಯಾಗ ನೀವು ದೀಪಾ ಹಚ್ಚೂದು ನೋಡಾಕ ನನಗಾಗೂದಿಲ್ಲ."

ಆ ಸಂಜೆ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದ ಹೊತ್ತಿಗೆ ನೇತ್ರಾ ಅಪ್ಪನೆದುರು ಹೋಗಿ ನಿಂತಳು. "ಅಪ್ಪಾ..." ಅಪ್ಪ ತಕ್ಕಡಿಯಿಂದ ಮುಖ ಎತ್ತಿದ. ಆ ಮುಖ ಎಷ್ಟು ದಣಿದಿತ್ತು! "ಏನ ಬೇಕವಾ? ಬಳಿ ತರೂದೈತೇನು?" ಎಂದು ಮೆತ್ತಗೆ ಕೇಳಿದ. ಅವಳ ಬಾಯಿ ತೆರೆಯಿತು, ಮುಚ್ಚಿತು. ತಲೆ ಅಲ್ಲಾಡಿಸಿ ಒಳಗೆ ಓಡಿಬಂದಳು. ಅಡಿಗೆಮನೆಯ ಕಂಬಕ್ಕೆ ಹಣೆ ಬಡಿದುಕೊಂಡಳು. ದೇವರೇ, ನನಗೆ ನಾಲಿಗೆ ಯಾಕೆ ಕೊಟ್ಟೆ?

ಶುಕ್ರವಾರ ಬೆಳಗಿನಿಂದ ಮಿಕ್ಸರ್ ಗುಡುಗತೊಡಗಿತು. ಖಡಿ, ಉಸುಕು, ಸಿಮೆಂಟು, ನೀರು. ಏಣಿಯ ಮೇಲೆ ಕೆಳಗಿನಿಂದ ಮೇಲಿನ ತನಕ ಆಳುಗಳ ಸಾಲು, ಕೈಯಿಂದ ಕೈಗೆ ಹಾರುವ ಬುಟ್ಟಿಗಳು. ಸ್ಲ್ಯಾಬ್ ಹಾಕುವುದೆಂದರೆ ಹೆರಿಗೆಯಿದ್ದಂತೆ. ಶುರುವಾಯಿತೆಂದರೆ ಮುಗಿಯುವ ತನಕ ಯಾರ ಮುಲಾಜಿಗೂ ನಿಲ್ಲಿಸುವಂತಿಲ್ಲ. ಪಡುವಣದಲ್ಲಿ ಮೇ ತಿಂಗಳ ಕರಿಮೋಡ ಬೇರೆ ಗೂಡು ಕಟ್ಟುತ್ತಿತ್ತು.

ಪಕ್ಕದ ಖಾಲಿ ಪ್ಲಾಟಿನ ಪೆಂಡಾಲಿನಲ್ಲಿ ಗಂಗಾದೇವಿ ಸೀರೆಯ ತಾಟು ಮುಂದಿಟ್ಟುಕೊಂಡು ಕುಳಿತಿದ್ದಳು. ಚೇತನ ಪೋರ್ಚಿನ ಅಗಲವನ್ನು ಹೆಜ್ಜೆ ಹಾಕಿ ನೋಡುತ್ತಿದ್ದ. ಒಳ್ಳೆಯ ಹುಡುಗ. ಆರು ತಿಂಗಳಲ್ಲಿ ನೇತ್ರಾಳನ್ನು ಒಂದು ಸಲವೂ ನೋಯಿಸಿರಲಿಲ್ಲ, ಒಂದು ಸಲವೂ ನೋಡಿರಲಿಲ್ಲ.

"ಅರ್ಧಾ ಆತು. ಹುಡುಗಿನ್ನ ಕರೀರಿ," ಎಂದಳು ಗಂಗಾದೇವಿ.

ನೇತ್ರಾ ಅಪ್ಪನ ಬಳಿ ಬಂದಳು. "ಅಪ್ಪಾ, ನಾ ಒಲ್ಲೆ," ಎಂದಳು. ಅಂದೇಬಿಟ್ಟಳು! ಆದರೆ ಮಿಕ್ಸರ್ ಅದನ್ನು ಉಸುಕಿನ ಜೊತೆ ನುಂಗಿಹಾಕಿತು. ಅಪ್ಪ ಕಿವಿಯ ಹಿಂದೆ ಅಂಗೈ ಇಟ್ಟು, ಏನೂ ಕೇಳದೆ, ಆಮೇಲೆ ಹೇಳು ಎಂದು ಸನ್ನೆ ಮಾಡಿ ಏಣಿ ಹತ್ತಿದ. ಮನೆಯ ಯಜಮಾನ ಸ್ವಂತ ಕೈಯಿಂದ ಒಂದು ಬುಟ್ಟಿ ಸುರಿಯಬೇಕಲ್ಲ.

ಗಂಗಾದೇವಿ ಕುಂಕುಮದ ಭರಣಿ ತೆರೆದು ಎದ್ದು ನಿಂತಳು. ನೇತ್ರಾ ಆ ಭರಣಿಯನ್ನು ನೋಡಿದಳು. ಏಣಿಯನ್ನು ನೋಡಿದಳು. ರೇಷ್ಮೆ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಏಣಿ ಹತ್ತತೊಡಗಿದಳು.

"ಏ ಯವ್ವಾ, ಬೀಳ್ತಿ!" ಎಂದು ಮಾಯಕ್ಕ ಕೂಗಿದಳು. ಯಾರಿಗೂ ಕೇಳಲಿಲ್ಲ.

ಮೇಲೆ ಅರ್ಧ ಹಸಿ ಕಾಂಕ್ರೀಟು, ಇನ್ನರ್ಧ ಬರಿಯ ರಾಡಿನ ಬಲೆ. ನಡುವೆ ರಾಮಲಿಂಗ ಮೊಣಕಾಲ ತನಕ ಕೆಸರಾಗಿ ನಿಂತಿದ್ದ. ಅಪ್ಪ ಹಲಗೆಯ ಮೇಲೆ. ನೇತ್ರಾ ರಾಡುಗಳ ಮೇಲೆ ಬರಿಗಾಲಿನಲ್ಲಿ ಹೋಗಿ ಅಪ್ಪನೆದುರು ನಿಂತು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಟ್ಟುಮಾಡಿ ಕಿರುಚಿದಳು.

ಅದೇ ಗಳಿಗೆಗೆ ಕೆಳಗೆ ಡ್ರಮ್ಮಿನ ನೀರು ಮುಗಿದು ಆಳು ಮಿಕ್ಸರ್ ಬಂದ್ ಮಾಡಿದ.

"ನನಗ ಈ ಮನಿ ಬ್ಯಾಡ! ನಾ ರಾಮಲಿಂಗನ ಜೋಡಿ ಇರ್ತೀನಿ! ಹಂಚಿನ ಮನ್ಯಾಗ ಇರ್ತೀನಿ!"

ಇಡೀ ಲೇಔಟಿಗೆ ಕೇಳಿತು. ಮೂರು ಪ್ಲಾಟಿನಾಚೆ ಗೋಡೆಗೆ ಗಿಲಾವು ಮಾಡುತ್ತಿದ್ದವರು ಕೈ ನಿಲ್ಲಿಸಿ ತಿರುಗಿದರು. ಏಣಿಯ ಮೇಲೆ ಬುಟ್ಟಿಗಳು ಗಾಳಿಯಲ್ಲಿ ನಿಂತವು. ನೇತ್ರಾ ತನ್ನದೇ ದನಿಗೆ ಹೆದರಿ ಬಾಯಿಗೆ ಕೈ ಅಡ್ಡ ಹಿಡಿದಳು.

ಕೆಳಗೆ ಗಂಗಾದೇವಿ ಭರಣಿಯ ಮುಚ್ಚಳ ಹಾಕಿದ ಸದ್ದು ಕೂಡ ಕೇಳಿತು. "ನಡಿಯೋ ಚೇತನ. ಇಂಥಾ ಮನಿ ನಮಗ ಪುಕ್ಕಟ ಕೊಟ್ರೂ ಬ್ಯಾಡ." ಚೇತನ ಮೇಲೆ ನೋಡಿದ. ಮೊದಲ ಸಲ ಅವಳನ್ನು ನೋಡಿದ. ಆಮೇಲೆ ಅಪ್ಪನಿಗೊಂದು ನಮಸ್ಕಾರ ಮಾಡಿ ಸ್ಕೂಟರಿನ ಕಡೆ ನಡೆದ.

ಅಪ್ಪನ ಮುಖ ಬೂದಿಯಾಗಿತ್ತು. "ಬಂದ್ ಮಾಡ್ರಿ ಕೆಲಸಾ," ಎಂದ ಒಡೆದ ದನಿಯಲ್ಲಿ. "ಯಾರಿಗೆ ಈ ಮನಿ? ಯಾರ ಸಲುವಾಗಿ?"

"ಸಾವಕಾರ್ರ, ನನ್ನ ಬೈರಿ, ಬಡೀರಿ," ಎಂದು ರಾಮಲಿಂಗ ಕೈ ಮುಗಿದ. "ಅರ್ಧಾಕ ನಿಲ್ಲಿಸಬ್ಯಾಡ್ರಿ. ಹಸೀದಕ್ಕೂ ಒಣಗಿದ್ದಕ್ಕೂ ನಡುವ ಜೋಡ ಬಿದ್ದ್ರ ಸ್ಲ್ಯಾಬ್ ಜಲ್ಮ ಪೂರ್ತಿ ಸೋರತೈತಿ. ನಿಮ್ಮ ಮನಿ ಕೆಡಿಸಿ ನಾ ಹೋಗಾಂಗಿಲ್ಲ."

ಅಪ್ಪ ಹಲಗೆಯ ಮೇಲೆ ಕುಸಿದು ಕುಳಿತ. ಆಗ ಏಣಿಯ ಬುಡದಿಂದ ಅವ್ವನ ದನಿ ಬಂತು, ಸಣ್ಣದು, ಆದರೆ ಸ್ಪಷ್ಟ.

"ದಿನಾ ಮುಂಜಾನೆ ಇಬತ್ತಿ ಹಚ್ಕೊಂಡು ಬಸವಣ್ಣಗ ಕೈ ಮುಗೀತೀರಿ. ಮುಗಿಯೂದು ಬರೇ ಫೋಟೊಕ್ಕೇನು? ಹುಡುಗಿ ಹುಟ್ಟಿದಾಗಿಂದ ಒಂದ ಬೇಡ್ಯಾಳ. ಅದೂ ಇಡೀ ಊರ ಕೇಳೂವಂಗ. ನಾ ಇಪ್ಪತ್ತೈದ ವರ್ಷಾತು, ಒಮ್ಮಿನೂ ಒದರಿಲ್ಲ. ನನಗೇನ ಬೇಕಂತ ನಿಮಗಿನ್ನಾ ಗೊತ್ತಿಲ್ಲ."

"ಮಾತ ಆಮ್ಯಾಲ!" ಎಂದು ಮಾಯಕ್ಕ ಗದರಿದಳು. "ಮಾಲ ಬಿಗ್ಯಾಕತ್ತೈತಿ! ನೀರ ತುಂಬ್ರೋ, ಮಿಕ್ಸರ್ ಚಾಲೂ ಮಾಡ್ರಿ!"

ಮಿಕ್ಸರ್ ಮತ್ತೆ ಗುಡುಗಿತು. ಬುಟ್ಟಿಗಳು ಮತ್ತೆ ಹಾರಿದವು. ಏಣಿಯ ತಲೆಯಲ್ಲಿ ಒಂದು ಜಾಗ ಖಾಲಿಯಿತ್ತು. ನೇತ್ರಾ ಹೋಗಿ ಅಲ್ಲಿ ನಿಂತಳು. ಮೊದಲ ಬುಟ್ಟಿ ಕೈ ಜಗ್ಗಿತು, ಎರಡನೆಯದು ಸೀರೆಯ ಮೇಲೆ ಚೆಲ್ಲಿತು, ಆಮೇಲೆ ಎಣಿಕೆ ಮರೆತಳು. ಅವಳ ಕೈಯಿಂದ ಬುಟ್ಟಿ ರಾಮಲಿಂಗನ ಕೈಗೆ. ಅವನು ಅಳುತ್ತಿದ್ದ, ಬೆವರೊರೆಸಿದಂತೆ ಮಾಡುತ್ತಿದ್ದ.

ಕೊನೆಯ ಮೂಲೆ ತುಂಬುತ್ತಲೇ ಗಾಳಿ ಎದ್ದಿತು, ಹನಿ ಬಿತ್ತು. "ತಾಡಪತ್ರಿ!" ಎಂದು ಕೂಗಿದ ರಾಮಲಿಂಗ. ಹಸಿ ಸ್ಲ್ಯಾಬಿನ ಮೇಲೆ ಎಳೆದ ತಾಡಪತ್ರಿ ಗಾಳಿಗೆ ಹಾಯಿಯಂತೆ ಎದ್ದು ಬಡಿಯತೊಡಗಿತು. ಒಂದು ತುದಿ ಅವನು ಹಿಡಿದ. ಇನ್ನೊಂದು ನೇತ್ರಾ. ಮೂರನೆಯದು ಹಾರಿಹೋಗುವುದರಲ್ಲಿತ್ತು. ಅಷ್ಟು ಹೊತ್ತೂ ಹಲಗೆಯ ಮೇಲೆ ಕಲ್ಲಾಗಿ ಕುಳಿತಿದ್ದ ಅಪ್ಪ ಎದ್ದು, ಅದರ ಮೇಲೆ ಕಾಲಿಟ್ಟು, ಬಗ್ಗಿ ಎರಡೂ ಕೈಯಿಂದ ಹಿಡಿದ.

ಮಳೆ ಧೋ ಎಂದು ಸುರಿಯಿತು. ಮೂವರೂ ತಮ್ಮ ತಮ್ಮ ತುದಿ ಬಿಡುವಂತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅಪ್ಪ, ಯಾರ ಮುಖವನ್ನೂ ನೋಡದೆ, ಜೋರಾಗಿ ಕೇಳಿದ. "ನಿಮ್ಮನಿ ಹಂಚು ಸೋರತಾವೇನೋ?"

ರಾಮಲಿಂಗ ಸುಳ್ಳು ಹೇಳಲಿಲ್ಲ. "ಸೋರತಾವ್ರಿ. ಒಲಿ ಮ್ಯಾಲ ಒಂದ ಕಡೆ, ಹೊರಗಿನ ಖೋಲ್ಯಾಗ ಒಂದ ಕಡೆ."

"ಮಿರಗದ ಮಳಿ ಕೂಡೂದ್ರಾಗ ಎಲ್ಲಾ ತಿರಿವಿ ಹಾಕಸು. ಒಡದದ್ದು ತಗಿ, ಹೊಸಾ ಹಂಚು ಖಾನಾಪುರದಾಗ ನಾ ಕೊಡಸ್ತೀನಿ." ಅಪ್ಪ ಮುಖದ ನೀರು ತೋಳಿನಿಂದ ಒರೆಸಿಕೊಂಡ. "ಇದನ್ನ ಬಾಡಗಿಗಿ ಬಿಡ್ತೀನಿ. ನನ್ನ ಮಗಳಿಗೆ ಥಂಡಿ ತಡಿಯಾಂಗಿಲ್ಲ, ತಿಳೀತ?"

"ತಡೀತೈತಪಾ!" ಎಂದು ನೇತ್ರಾ ಮಳೆಯಾಚೆಯಿಂದ ಕೂಗಿದಳು.

ಅಪ್ಪ ತಿರುಗಿ ನೋಡಿದ. "ಬಾಯಿ ಬಂತ ನೋಡು ಈಕಿಗೆ," ಎಂದ, ಮತ್ತು ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.